ಹನ್ನೊಂದು ನಿಮಿಷದ ಚಿತ್ರಕ್ಕೆ ಎಷ್ಟು ಮಾರ್ಕು?

“ಸಿನಿಮಾ ನೋಡಿ ಮಾರ್ಕು ಕೊಡುವುದೂ ಒಂದು ಉದ್ಯೋಗವೇನಮ್ಮ?” ಎಂದು ನಮ್ಮ ಸಂಘದ ಹಿರಿಯರು ನನ್ನನ್ನು ಆಗಾಗ ಕೇಳುವುದುಂಟು. ಕೇಳುವ ಧಾಟಿಯಲ್ಲಿ ಸ್ವಲ್ಪ ಅಸೂಯೆಯೂ ಸ್ವಲ್ಪ ಮರುಕವೂ ಬೆರೆತಿರುತ್ತವೆ. ಅವರನ್ನು ದೂರುವಂತಿಲ್ಲ. ಲೆಕ್ಕದ ಮೇಷ್ಟರಿಗೆ ಉತ್ತರ ಸರಿಯೋ ತಪ್ಪೋ ಎಂಬುದು ಗೊತ್ತಿರುತ್ತದೆ. ಕನ್ನಡ ಪಂಡಿತರಿಗೆ ಬೇರೇನಿಲ್ಲದಿದ್ದರೂ ಕಾಗುಣಿತದ ಆಸರೆಯಿದೆ. ಕಲ್ಕತ್ತೆಯ ಕಾಲೇಜೊಂದರಲ್ಲಿ ಮಾಧ್ಯಮ ಅಧ್ಯಯನ ಕಲಿಸುವ ನನ್ನ ಮುಂದೆ ಬಂದು ಬೀಳುವುದು ಹುಡುಗ ಹುಡುಗಿಯರು ತಾವೇ ತೆಗೆದ ಹತ್ತು ಹನ್ನೆರಡು ನಿಮಿಷದ ಸಾಕ್ಷ್ಯಚಿತ್ರಗಳು. ಇವಕ್ಕೆ ಸರಿಯುತ್ತರದ ಪಟ್ಟಿ ಎಂಬುದಿಲ್ಲ. ಆದರೂ ನೂರಕ್ಕೆ ಇಷ್ಟು ಎಂದು ಬರೆದು ರುಜು ಹಾಕಲೇಬೇಕು. (2001ರಲ್ಲೇ ಊರಿನ ಹೆಸರು ಕೋಲ್ಕತ ಎಂದಾಯಿತು, ನನ್ನ ಬಾಯಲ್ಲಿ ಮಾತ್ರ ಕಲ್ಕತ್ತೆಯೇ ನಿಂತುಬಿಟ್ಟಿದೆ. ವಾಚಕರು ಮನ್ನಿಸಬೇಕು.)

ನಮ್ಮ ಮಾರ್ಕಿನ ಹಾಳೆಯಲ್ಲಿ 5 ಕಾಲಂಗಳು: ಕ್ಯಾಮರಾ, ಶಬ್ದ, ಸಂಕಲನ, ಸಂಶೋಧನೆ ಮತ್ತು ವರದಿ, ಕೊನೆಗೆ ಮೌಖಿಕ ಪರೀಕ್ಷೆ. ಒಂದೊಂದಕ್ಕೆ 20. ಒಳಗಿನ ಪರೀಕ್ಷಕಿ ನಾನು. ಹೊರಗಿನಿಂದ ಒಬ್ಬರು ಬರುತ್ತಾರೆ. ಇಬ್ಬರೂ ಬೇರೆಬೇರೆಯಾಗಿ ಅಂಕ ಹಾಕಿ, ಹಾಳೆ ಮಗುಚಿಟ್ಟು, ಎಲ್ಲ ಮುಗಿದ ಮೇಲೆ ತೆರೆದು ನೋಡಿ ಸರಾಸರಿ ತೆಗೆಯುವುದು ಪದ್ಧತಿ. ಇಬ್ಬರ ಅಂಕಗಳ ನಡುವೆ 15ಕ್ಕಿಂತ ಹೆಚ್ಚು ಅಂತರ ಬಿದ್ದರೆ ಆ ಚಿತ್ರವನ್ನು ಜೊತೆಯಾಗಿ ಕೂತು ಮತ್ತೊಮ್ಮೆ ನೋಡಬೇಕು. ಸಾಮಾನ್ಯವಾಗಿ ಅಷ್ಟು ಅಂತರ ಬೀಳುವುದಿಲ್ಲ. ಈ ಸಲ ಬಿದ್ದಿತು. ಆ ಕಥೆಯನ್ನೇ ಹೇಳಬೇಕೆಂದು ಕೂತಿದ್ದೇನೆ.

ಸಾಕ್ಷ್ಯಚಿತ್ರವೆಂದರೆ ನಮ್ಮ ಪೀಳಿಗೆಯವರಿಗೆ ತಟ್ಟನೆ ನೆನಪಾಗುವುದು ಟಾಕೀಸಿನಲ್ಲಿ ಮುಖ್ಯ ಚಿತ್ರಕ್ಕೆ ಮುಂಚೆ ಬರುತ್ತಿದ್ದ ವಾರ್ತಾಚಿತ್ರ. 1948ರಲ್ಲಿ ಫಿಲ್ಮ್ಸ್ ಡಿವಿಷನ್ ಹುಟ್ಟಿತು. ಅದರ ಚಿತ್ರಗಳನ್ನು ಪ್ರತಿಯೊಂದು ಚಿತ್ರಮಂದಿರದವರೂ ತೋರಿಸಲೇಬೇಕೆಂಬ ಕಟ್ಟಳೆಯಿತ್ತು. ಅಣೆಕಟ್ಟಿಗೂ ಅದೇ ಕಂಠ, ನೆರೆಹಾವಳಿಗೂ ಅದೇ ಕಂಠ, ಮಂತ್ರಿಗಳ ಶಂಕುಸ್ಥಾಪನೆಗೂ ಅದೇ ಕಂಠ. ಆ ಹೊತ್ತಿಗೆ ನಾವು ಕಡಲೆಕಾಯಿ ಕೊಳ್ಳುತ್ತಿದ್ದೆವು. 2022ರಲ್ಲಿ ಆ ಸಂಸ್ಥೆಯನ್ನು ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನ ಮಾಡಿದರು. ಆ ಗಂಭೀರ ಕಂಠದಿಂದ ಒಂದು ಅನುಕೂಲವಿತ್ತು: ನೋಡುವವನು ತಾನಾಗಿ ಏನನ್ನೂ ತೀರ್ಮಾನಿಸಬೇಕಾಗಿರಲಿಲ್ಲ. ಈಗಿನ ಮಕ್ಕಳು ಆ ಕಂಠವನ್ನು ಕೇಳಿದವರಲ್ಲ. ಆದರೆ ಅದರ ಪೀಠದ ಮೇಲೆ ಕೊಳಲು, ಸಿತಾರುಗಳನ್ನು ತಂದು ಕೂರಿಸಿದ್ದಾರೆ. ಅಳು ಬರಬೇಕಾದ ಕಡೆ ಕೊಳಲು ಶುರುವಾಗುತ್ತದೆ. ನಾನು ಪೆನ್ಸಿಲು ಕೆಳಗಿಟ್ಟು ಕಾಯುತ್ತೇನೆ.

ಕಲ್ಕತ್ತೆಯಲ್ಲಿ ಕ್ಯಾಮರಾ ಹಿಡಿಯುವ ಹುಡುಗರ ಕಷ್ಟವೂ ಸಣ್ಣದಲ್ಲ. ಇದು 1947ರಲ್ಲೇ ಸತ್ಯಜಿತ್ ರಾಯ್, ಚಿದಾನಂದ ದಾಸ್‌ಗುಪ್ತ ಮೊದಲಾದವರು ಫಿಲ್ಮ್ ಸೊಸೈಟಿ ಕಟ್ಟಿದ ಊರು. ರಾಯ್ ಎಂದರೆ ‘ಪಥೇರ್ ಪಾಂಚಾಲಿ’ ಎಂದಷ್ಟೇ ನಮ್ಮವರು ಬಲ್ಲರು. ಆದರೆ ಅವರು ರವೀಂದ್ರರ ಮೇಲೆ 1961ರಲ್ಲಿ, ತಮ್ಮ ಗುರು ಬಿನೋದ್ ಬಿಹಾರಿ ಮುಖರ್ಜಿಯವರ ಮೇಲೆ 1972ರಲ್ಲಿ ಸಾಕ್ಷ್ಯಚಿತ್ರಗಳನ್ನು ಮಾಡಿದರು. ಎರಡನೆಯದನ್ನು ನಾನು ಪ್ರತಿ ವರ್ಷವೂ ತರಗತಿಯಲ್ಲಿ ತೋರಿಸುತ್ತೇನೆ. ಕಣ್ಣು ಕಳೆದುಕೊಂಡ ಚಿತ್ರಕಾರನನ್ನು ಅದರಲ್ಲಿ ರಾಯ್ ಎಲ್ಲಿಯೂ ಅಯ್ಯೋ ಪಾಪ ಎನಿಸುವ ಹಾಗೆ ತೋರಿಸುವುದಿಲ್ಲ. ಆತ ಕೆಲಸ ಮಾಡುವುದನ್ನು ತೋರಿಸುತ್ತಾರೆ. ನಮ್ಮವರನ್ನೂ ಬಿಡುವುದಿಲ್ಲ ನಾನು: ಗಿರೀಶ ಕಾಸರವಳ್ಳಿಯವರು ಪುಣೆಯ ಸಂಸ್ಥೆಯಲ್ಲಿ ವಿದ್ಯಾರ್ಥಿಯಾಗಿದ್ದಾಗ ಮಾಡಿದ ‘ಅವಶೇಷ’ ಎಂಬ ಕಿರುಚಿತ್ರಕ್ಕೇ ರಾಷ್ಟ್ರಪ್ರಶಸ್ತಿ ಬಂದಿತ್ತೆಂದು ಪ್ರತಿ ವರ್ಷ ಹೇಳುತ್ತೇನೆ. ಬಂಗಾಳಿ ಮಕ್ಕಳು ವಿನಯದಿಂದ ತಲೆದೂಗುತ್ತಾರೆ. ಆಮೇಲೆ ಹೋಗಿ ಟ್ರಾಮಿನ ಚಿತ್ರ ತೆಗೆಯುತ್ತಾರೆ.

ಟ್ರಾಮು, ಕುಮಾರ್‌ಟುಲಿಯ ಮಣ್ಣಿನ ಮೂರ್ತಿಗಳು, ಕಾಫಿ ಹೌಸು, ಕೈರಿಕ್ಷಾ: ಈ ನಾಲ್ಕರ ಸುತ್ತಲೇ ಪ್ರತಿ ವರ್ಷದ ಪ್ರದಕ್ಷಿಣೆ. ಕುದುರೆ ಎಳೆಯುವ ಟ್ರಾಮು ಇಲ್ಲಿ 1873ರಲ್ಲಿ ಓಡಿತು, ವಿದ್ಯುತ್ತಿನದು 1902ರಲ್ಲಿ. ಮೈದಾನದ ಕಡೆಯ ಒಂದು ಚೂರು ದಾರಿಯನ್ನು ಬಿಟ್ಟು ಉಳಿದದ್ದನ್ನು ನಿಲ್ಲಿಸುವುದಾಗಿ ಸರಕಾರ 2024ರಲ್ಲಿ ಸಾರಿತು. ಹಳಿಯ ಮೇಲಿನ ಟ್ರಾಮುಗಳಿಗಿಂತ ನಮ್ಮ ವಿಭಾಗದ ಬೀರುವಿನಲ್ಲಿರುವ ಟ್ರಾಮುಗಳೇ ಹೆಚ್ಚೆಂದು ನಾವು ನಗೆಯಾಡುವುದುಂಟು.

ಈ ಸಲ ಜನವರಿಯ ಮೊದಲ ವಾರ ಪರೀಕ್ಷೆ. ಒಟ್ಟು 7 ಚಿತ್ರ. ಐದರ ವಿಚಾರ ಹೇಳಿ ತಮ್ಮ ಹೊತ್ತು ಕಳೆಯುವುದಿಲ್ಲ. ಸುಮಾರಾಗಿದ್ದವು, ಅವುಗಳಿಗೆ ಸುಮಾರಾದ ಅಂಕಗಳೇ ಬಂದವು. ಹೊರಗಿನ ಪರೀಕ್ಷಕರು ಟೆಲಿವಿಷನ್ ಸುದ್ದಿ ವಿಭಾಗದಲ್ಲಿ ಇಪ್ಪತ್ತೈದು ವರ್ಷ ಸಂಕಲನಕಾರರಾಗಿ ದುಡಿದವರು. ನಾನು ಅವರನ್ನು ದಾದಾ ಎನ್ನುತ್ತೇನೆ, ಅವರು ನನ್ನನ್ನು ದಿದಿ ಎನ್ನುತ್ತಾರೆ. ಮಾತು ಕಡಿಮೆ, ಕಿವಿ ಬಹಳ ಚುರುಕು.

ಐದನೆಯ ಚಿತ್ರ ಕೈರಿಕ್ಷಾದವನದು. ಮೂವರು ಹುಡುಗರು ಸೇರಿ ಮಾಡಿದ್ದು. ಕಣ್ಣಿಗೆ ಹಬ್ಬ ಎನ್ನುತ್ತಾರಲ್ಲ, ಹಾಗಿತ್ತು. ಮಳೆನೀರು ನಿಂತ ಓಣಿ, ಅದರಲ್ಲಿ ರಿಕ್ಷಾ ಎಳೆದುಕೊಂಡು ಓಡಿಬರುವ ಮುದುಕ, ಮೊಣಕಾಲಿನಿಂದ ಚಿಮ್ಮುವ ನೀರು. ಮೊದಲು ಮುಂದಿನಿಂದ, ಆಮೇಲೆ ಪಕ್ಕದಿಂದ, ಆಮೇಲೆ ಮಹಡಿಯ ಮೇಲಿನಿಂದ. ದಾದಾ ಮೆಚ್ಚಿ ತಲೆಯಾಡಿಸಿದರು. ಮೌಖಿಕ ಪರೀಕ್ಷೆಯಲ್ಲಿ ನಾನು ಕೇಳಿದೆ: “ನಿಮ್ಮ ಹತ್ತಿರ ಕ್ಯಾಮರಾ ಎಷ್ಟಿತ್ತಪ್ಪ?” “ಒಂದೇ ಮ್ಯಾಡಂ.” “ಹಾಗಾದರೆ ಆತ ಎಷ್ಟು ಸಲ ಓಡಿದ?” ಹುಡುಗರು ಮುಖ ಮುಖ ನೋಡಿಕೊಂಡರು. ನಾಲ್ಕು ಸಲ. ರಿಕ್ಷಾದಲ್ಲಿ ಕೂತಿದ್ದವನು ಅವರ ಗುಂಪಿನವನೇ. ಮುದುಕನಿಗೆ 300 ರೂಪಾಯಿ ಕೊಟ್ಟಿದ್ದರು; ಆತ ಬೇಡವೆನ್ನಲಿಲ್ಲ. ಸುಳ್ಳು ಹೇಳದೆ ಇಷ್ಟನ್ನೂ ಒಪ್ಪಿಸಿದರು, ಅದು ಅವರ ಒಳ್ಳೆಯತನ.

ದಾದಾ ಅವರ ಪಕ್ಷ ವಹಿಸಿದರು. “ಫ್ಲಾಹರ್ಟಿ ಮಾಡಲಿಲ್ಲವೆ ದಿದಿ?” ಎಂದರು. ಸರಿಯಾದ ಮಾತೇ. 1922ರಲ್ಲಿ ಬಂದ ‘ನಾನೂಕ್ ಆಫ್ ದಿ ನಾರ್ತ್’ ಎಂಬ ಚಿತ್ರವನ್ನು ಈ ವಿದ್ಯೆಯ ಓನಾಮವೆಂದು ನಾವೇ ಕಲಿಸುತ್ತೇವೆ. ಅದರ ನಾಯಕನ ನಿಜವಾದ ಹೆಸರು ಅಲ್ಲಕರಿಯಲ್ಲಕ್. ಮನೆಯೊಳಗಿನ ದೃಶ್ಯಗಳಿಗೆ ಬೆಳಕು ಬೇಕೆಂದು ಅರ್ಧ ತೆರೆದ ಹಿಮದ ಗುಡಿಸಲು ಕಟ್ಟಿಸಿದರು. ಆ ಜನ ಆಗಲೇ ಕೋವಿ ಬಳಸುತ್ತಿದ್ದರೂ ಭರ್ಜಿಯಿಂದಲೇ ಬೇಟೆಯಾಡಿಸಿದರು. ಈ ಬಗೆಯ ಚಿತ್ರಕ್ಕೆ ಇಂಗ್ಲಿಷಿನಲ್ಲಿ ಈಗಿರುವ ಹೆಸರನ್ನು ರೂಢಿಗೆ ತಂದ ಗ್ರಿಯರ್ಸನ್ ಕೂಡ ಇದ್ದದ್ದನ್ನು ಇದ್ದ ಹಾಗೆಯೇ ಹಿಡಿಯಬೇಕೆಂದು ಹೇಳಿದವನಲ್ಲ. ಇದ್ದದ್ದಕ್ಕೆ ರೂಪ ಕೊಡುವುದೇ ಕೆಲಸವೆಂದ. ಇಷ್ಟೆಲ್ಲ ಗೊತ್ತಿದ್ದೂ ನನ್ನ ಮನಸ್ಸು ಒಗ್ಗಲಿಲ್ಲ. ಬಿಮಲ್ ರಾಯ್ ಅವರ ‘ದೋ ಬಿಘಾ ಜಮೀನ್’ ಚಿತ್ರಕ್ಕಾಗಿ ಇದೇ ಕಲ್ಕತ್ತೆಯ ಬೀದಿಗಳಲ್ಲಿ ಬಲರಾಜ್ ಸಾಹನಿ ತಾವೇ ರಿಕ್ಷಾ ಎಳೆದರು. 1953ರ ಮಾತು. ಅದು ಕಟ್ಟುಕಥೆ, ಓಡಿದವನು ನಟ; ದಣಿವು ನಟನದು. ಇಲ್ಲಿ ಚಿತ್ರ ‘ನಿಜ’ದ್ದು, ಮತ್ತು ಅದಕ್ಕಾಗಿ ನಾಲ್ಕನೆಯ ಸಲ ಓಡಿದವನಿಗೆ ಅರವತ್ತು ದಾಟಿದೆ. ಮನುಷ್ಯನನ್ನು ಮನುಷ್ಯ ಎಳೆಯುವುದು ತಪ್ಪೆಂದು ಸಾರುವ ಚಿತ್ರಕ್ಕೆ ಅವನನ್ನು ಮೂರು ಸಲ ಹೆಚ್ಚಾಗಿ ಎಳೆಸಿದ್ದಾರೆ. ಈ ರಿಕ್ಷಾಗಳನ್ನು ತೆಗೆಯಬೇಕೆಂದು ವಿಧಾನಸಭೆ 2006ರಲ್ಲಿ ಕಾನೂನು ತಿದ್ದಿತ್ತು, ಅದು ಪೂರ್ತಿ ಜಾರಿಗೆ ಬರಲಿಲ್ಲ ಎಂಬ ಸಂಗತಿ ಅವರ ವರದಿಯಲ್ಲಿ ಚೆನ್ನಾಗಿಯೇ ಬಂದಿತ್ತು. ನಾಲ್ಕು ಸಲ ಓಡಿಸಿದ ಸಂಗತಿ ಬಂದಿರಲಿಲ್ಲ. ಅದನ್ನು ಸೇರಿಸಿ ವರದಿಯನ್ನು ಮತ್ತೆ ಕೊಡಿ ಎಂದು ಹೇಳಿ, ಆ ಕಾಲಂನಲ್ಲಿ 20ಕ್ಕೆ 9 ಹಾಕಿದೆ. ಉಳಿದ ಕಾಲಂಗಳಲ್ಲಿ ಕೈ ಹಿಡಿಯಲಿಲ್ಲ. ಕ್ಯಾಮರಾ ಚೆನ್ನಾಗಿದ್ದದ್ದು ಸುಳ್ಳಲ್ಲವಲ್ಲ. ಸರಾಸರಿ 74 ಬಂದಿತು.

ಕಲ್ಕತ್ತೆಯವರಿಗೆ ಈ ವಿಚಾರದಲ್ಲಿ ಹಳೆಯ ಗಾಯವೂ ಒಂದಿದೆ. ಫ್ರಾನ್ಸಿನ ಲೂಯಿ ಮಾಲ್ 1968ರಲ್ಲಿ ಇಲ್ಲಿಗೆ ಬಂದು ಕೆಲವು ವಾರ ಚಿತ್ರ ತೆಗೆದು, ಮರುವರ್ಷ ‘ಕಲ್ಕತ್ತಾ’ ಎಂಬ ಹೆಸರಿನಿಂದಲೇ ಹೊರತಂದ. ಬಡತನವನ್ನೇ ಹುಡುಕಿ ಹುಡುಕಿ ತೋರಿಸಿದನೆಂದು ಜನ ಸಿಟ್ಟಾದರು. ಭಾರತದ ಮೇಲಿನ ಅವನ ಚಿತ್ರಮಾಲೆಯನ್ನು ಬಿಬಿಸಿಯವರು ತೋರಿಸಿದ್ದಕ್ಕೆ 1970ರಲ್ಲಿ ದೆಹಲಿಯ ಅವರ ಕಚೇರಿಯೇ ಮುಚ್ಚಬೇಕಾಯಿತು. ಪರದೇಶದವನ ಮೇಲೆ ಸಿಟ್ಟಾಗುವುದು ಸುಲಭ. ನಮ್ಮ ಹುಡುಗರು ಅದೇ ಓಣಿಗೆ ಅದೇ ಕಣ್ಣಿನಿಂದ ಹೋದರೆ ಏನೆನ್ನಬೇಕು?

ಇನ್ನು ಏಳನೆಯ ಚಿತ್ರ. ಅದನ್ನು ಮಾಡಿದ್ದು ಒಬ್ಬಳೇ ಹುಡುಗಿ. ಅವಳ ಮನೆಯಿಂದ ಕಾಲೇಜಿಗೆ ಹೋದವರಲ್ಲಿ ಅವಳೇ ಮೊದಲಿಗಳು. ಬೆಳಗಿನ ಲೋಕಲ್ ರೈಲು ಹಿಡಿದು ಸಿಯಾಲ್ದಾಕ್ಕೆ ಬರುತ್ತಾಳೆ. ಅಪ್ಪನೂ ಅದೇ ರೈಲಿನಲ್ಲಿ. ಅಪ್ಪ ಸಿಯಾಲ್ದಾ ಹತ್ತಿರ ಬೈಠಕ್‌ಖಾನಾ ಬೀದಿಯ ಕಡೆ ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸದವರು. ಬಂಗಾಳಿಯಲ್ಲಿ ಅವರನ್ನು ‘ದಪ್ತರಿ’ ಎನ್ನುತ್ತಾರೆ. ನಮ್ಮ ಕಡೆ ದಫ್ತರವೆಂದರೆ ಕಚೇರಿಯ ಕಾಗದಪತ್ರಗಳ ಕಟ್ಟು. ಇಲ್ಲಿ ಆ ಮಾತು ಕಟ್ಟುವವನ ಕೈಗೆ ಹೋಗಿ ಅಂಟಿಕೊಂಡಿದೆ. ಕಾಲೇಜ್ ಸ್ಟ್ರೀಟಿನ ಅಂಗಡಿಗಳಲ್ಲಿ ನಾವು ಕೊಳ್ಳುವ ಪುಸ್ತಕಗಳಲ್ಲಿ ಎಷ್ಟೋ ಈ ಓಣಿಗಳಲ್ಲಿ ಮೈದಳೆದವು. ಲೇಖಕನ ಹೆಸರು ಪುಸ್ತಕದ ಮೇಲಿರುತ್ತದೆ, ಪ್ರಕಾಶಕನದೂ ಮುದ್ರಕನದೂ ಒಳಗಿರುತ್ತದೆ. ಹೊಲಿದವನದು ಎಲ್ಲಿಯೂ ಇರುವುದಿಲ್ಲ. ವಿಷಯ ಆರಿಸಿಕೊಳ್ಳಲು ಇದನ್ನೇ ಕಾರಣವಾಗಿ ತನ್ನ ವರದಿಯಲ್ಲಿ ಬರೆದಿದ್ದಳು.

ಹನ್ನೊಂದು ನಿಮಿಷದ ಚಿತ್ರ. ಮೊಬೈಲಿನಲ್ಲಿ ತೆಗೆದದ್ದು. ಮುದ್ರಣವಾಗಿ ಬಂದ ದೊಡ್ಡ ಹಾಳೆಯನ್ನು 16 ಪುಟದ ಫಾರಮ್ಮಾಗಿ ಮಡಿಸುವುದು, ಫಾರಂಗಳನ್ನು ಅನುಕ್ರಮವಾಗಿ ಜೋಡಿಸುವುದು, ಸೂಜಿದಾರದಿಂದ ಹೊಲಿಯುವುದು, ಬೆನ್ನಿಗೆ ಅಂಟು ಬಳಿಯುವುದು, ಅಚ್ಚಿನಲ್ಲಿ ಒತ್ತುವುದು. ಮೈದಾ ಹಿಟ್ಟಿನ ಅಂಟು ಕುದಿಯುವಾಗ ಹುಳು ಬಾರದಿರಲೆಂದು ಒಂದು ಚಿಟಿಕೆ ಮೈಲುತುತ್ತ ಹಾಕುತ್ತಾರೆ. ಬಿಳಿಯ ಗಂಜಿ ನೋಡನೋಡುತ್ತ ನಸುನೀಲಿಗೆ ತಿರುಗುವುದನ್ನು ಹುಡುಗಿ ಹಾಗೆಯೇ ಬಿಟ್ಟು ತೋರಿಸಿದ್ದಳು. ಕೊಳಲಿಲ್ಲ, ವಿವರಣೆಯಿಲ್ಲ. ಆದರೆ ಶಬ್ದ ಮಾತ್ರ ದೇವರಿಗೇ ಪ್ರೀತಿ. ತಲೆಯ ಮೇಲಿನ ಪಂಖ ಗರಗರ ತಿರುಗುತ್ತಿದೆ. 2020ರ ಮೇ ತಿಂಗಳಲ್ಲಿ ಆಂಫಾನ್ ಚಂಡಮಾರುತ ಬಂದು ಕಾಲೇಜ್ ಸ್ಟ್ರೀಟಿನಲ್ಲಿ ಪುಸ್ತಕಗಳು ನೀರಿನ ಮೇಲೆ ತೇಲಿದಾಗ ತಮ್ಮ ಅಂಗಡಿಗೂ ನೀರು ನುಗ್ಗಿದ್ದನ್ನು ಅಪ್ಪ ಹೇಳುತ್ತಾರೆ. ಅರ್ಧ ಮಾತು ಪಂಖದ ಪಾಲು.

ಒಂಬತ್ತನೆಯ ನಿಮಿಷಕ್ಕೆ ಬರುವುದು ನಮ್ಮಿಬ್ಬರನ್ನು ಜಗಳಕ್ಕೆ ಹಚ್ಚಿದ ಜಾಗ. ಚಿತ್ರ ತೆಗೆದದ್ದು ಡಿಸೆಂಬರಿನಲ್ಲಿ. ಆಗ ಕಲ್ಕತ್ತೆಯಲ್ಲಿ ಐದು ಗಂಟೆಗೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಮೈಸೂರಿನಿಂದ ಹೊಸದಾಗಿ ಬಂದಾಗ ನನಗೆ ಮಧ್ಯಾಹ್ನದ ಕಾಫಿ ಕುಡಿಯುತ್ತಿದ್ದಂತೆಯೇ ದೀಪ ಹಚ್ಚುವ ಹೊತ್ತಾಗುತ್ತಿದ್ದದ್ದು ಅಭ್ಯಾಸವಾಗಲು ಎರಡು ಚಳಿಗಾಲ ಬೇಕಾದವು. ಜನವರಿಯ ಕೊನೆಗೆ ಪುಸ್ತಕ ಮೇಳ. 1976ರಲ್ಲಿ ಮೊದಲಾದ ಆ ಮೇಳಕ್ಕೆ ಮುಂಚಿನ ಎರಡು ತಿಂಗಳು ದಪ್ತರಿಗಳಿಗೆ ಉಸಿರಾಡಲು ಬಿಡುವಿಲ್ಲ. ಕಿಟಕಿಯ ಬೆಳಕು ಇಳಿಯುತ್ತಿದೆ, ಸೂಜಿಗೆ ದಾರ ಪೋಣಿಸಲಾಗುತ್ತಿಲ್ಲ. ಅಪ್ಪ ಎರಡು ಸಲ ಪ್ರಯತ್ನಿಸಿ, ತಲೆಯೆತ್ತಿ, ಕ್ಯಾಮರಾದ ಕಡೆ ನೋಡಿ, “ಥಾಕ್ ಮಾ, ಆರ್ ನಾ” ಎನ್ನುತ್ತಾರೆ. ಸಾಕಮ್ಮ, ಇನ್ನು ಬೇಡ. (ಮಗಳನ್ನು ಅಮ್ಮ ಎಂದು ಕರೆಯುವುದು ನಮ್ಮಲ್ಲೂ ಉಂಟಷ್ಟೆ.) ಮರುಕ್ಷಣವೇ ಮೊಬೈಲು ಕಾಗದದ ರಾಶಿಯ ಮೇಲೆ ಇಳಿಯುತ್ತದೆ. ಅಲ್ಲಿಂದ ಮುಂದೆ 70 ಸೆಕೆಂಡು ತೆರೆಯ ಮೇಲೆ ಒಂದು ಗೋಡೆ, ಹಳೆಯ ಕ್ಯಾಲೆಂಡರಿನ ಒಂದು ಮೂಲೆ, ಅಷ್ಟೆ. ಆದರೆ ಕೆಲಸದ ಸಪ್ಪಳ ಕೇಳುತ್ತಲೇ ಇರುತ್ತದೆ. ಆಮೇಲೆ ಚಿತ್ರ ಮುಂದುವರಿದು ಬೆಳಗಿನ ಗಾಡಿಯಲ್ಲಿ ಮುಗಿಯುತ್ತದೆ.

ಹಾಳೆ ತೆರೆದಾಗ ದಾದಾ ಅವರದು 51, ನನ್ನದು 67. ಅಂತರ 16.

ಆ ಹುಡುಗಿಗೆ 60 ಬಂದರೆ ಮುಂದಿನ ವರ್ಷದ ವಿದ್ಯಾರ್ಥಿವೇತನ ಉಳಿಯುತ್ತದೆ, ಬಾರದಿದ್ದರೆ ಇಲ್ಲ. ಇದು ಒಳಗಿನವಳಾದ ನನಗೆ ಗೊತ್ತಿತ್ತು, ಹೊರಗಿನವರಾದ ಅವರಿಗೆ ಗೊತ್ತಿರಲಿಲ್ಲ. ನಾನು ಆ ಮಾತನ್ನು ಎತ್ತಲಿಲ್ಲ. ಎತ್ತಬಾರದು ಕೂಡ. ಎತ್ತಿದ್ದರೆ ದಾದಾ ಮರುಮಾತಿಲ್ಲದೆ ಹತ್ತು ಅಂಕ ದಾನ ಮಾಡಿಬಿಡುತ್ತಿದ್ದರು; ಅವಳ ಚಿತ್ರವನ್ನು ಮಾತ್ರ ಯಾರೂ ನೋಡಿದಂತಾಗುತ್ತಿರಲಿಲ್ಲ.

ಅವರ ವಾದದಲ್ಲಿ ಹುರುಳಿಲ್ಲದೆ ಇರಲಿಲ್ಲ. “ದಿದಿ, ಒಂದು ನಿಮಿಷಕ್ಕೂ ಮೀರಿ ಗೋಡೆ ತೋರಿಸುವುದು ಸಂಕಲನದ ಅಜಾಗರೂಕತೆ. ಅವಳ ಒಳ್ಳೆಯ ಮನಸ್ಸಿಗೆ ಮಾರ್ಕು ಕೊಡುವ ಕಾಲಂ ನಮ್ಮಲ್ಲಿಲ್ಲ. ಈ ವರ್ಷ ಗೋಡೆಗೆ ಅಂಕ ಕೊಟ್ಟರೆ ಮುಂದಿನ ವರ್ಷ ಏಳಕ್ಕೆ ಏಳೂ ಗೋಡೆಗಳೇ ಬರುತ್ತವೆ” ಎಂದರು. ಕೊನೆಯ ಮಾತಿಗೆ ನನಗೂ ನಗು ಬಂದಿತು, ಏಕೆಂದರೆ ಅದು ನಿಜ. ನಾನು ಹೇಳಿದ್ದು ಇಷ್ಟು: ಅವಳ ಮನಸ್ಸಿಗೆ ಅಂಕ ಕೊಡಿ ಎಂದು ನಾನೂ ಕೇಳುವುದಿಲ್ಲ. ಆ ಗೋಡೆ ಏಕೆ ಬಂದಿತೆಂಬುದು ಚಿತ್ರದಲ್ಲೇ ಇದೆ. ಅಪ್ಪ ಬೇಡವೆಂದದ್ದು ನಮ್ಮ ಕಿವಿಗೆ ಬಿದ್ದಿದೆ. ಅವಳು ಆ 70 ಸೆಕೆಂಡನ್ನು ಕತ್ತರಿಸಿ, ಹಿಂದಿನ ದಿನ ತೆಗೆದ ಹೊಲಿಗೆಯ ದೃಶ್ಯವನ್ನು ಅಲ್ಲಿ ಅಂಟಿಸಿ ಮುಚ್ಚಿಬಿಡಬಹುದಿತ್ತು. ಅಂಥ ದೃಶ್ಯಗಳು ಅವಳ ಹತ್ತಿರ ಬೇಕಾದಷ್ಟಿದ್ದವೆಂದು ಮೊದಲ ಭಾಗವೇ ಹೇಳುತ್ತದೆ. ಇದ್ದದ್ದನ್ನು ಹಾಕದೆ ಬಿಟ್ಟದ್ದು ಸಂಕಲನದ ಕಾಲಂಗೆ ಸೇರಿದ ಕೆಲಸವಲ್ಲವೆ?

ಮತ್ತೊಮ್ಮೆ ನೋಡಿದೆವು. ಗೋಡೆ ಬಂದಾಗ ದಾದಾ ಕಣ್ಣು ಮುಚ್ಚಿಕೊಂಡು ಕೇಳಿದರು; ಹಳೆಯ ಸಂಕಲನಕಾರರ ಅಭ್ಯಾಸವದು. ಪಂಖದ ಗರಗರದ ಅಡಿಯಲ್ಲಿ ದಾರ ಎಳೆಯುವ ಸದ್ದು, ಎಲ್ಲೋ ಒಂದು ಸಲ ಕೆಮ್ಮು. ಆಮೇಲೆ, ಮೊದಲ ಸಲ ನಮ್ಮಿಬ್ಬರ ಕಿವಿಗೂ ಬೀಳದಿದ್ದದ್ದು: ಹುಡುಗಿಯ ಸಣ್ಣ ದನಿ, “ನಾನು ಪೋಣಿಸಿಕೊಡಲಾ?” ಎಂದು. ಅಪ್ಪನ ಉತ್ತರವಿಲ್ಲ. ಸ್ವಲ್ಪ ಹೊತ್ತಿನ ಮೇಲೆ ದಾರ ಎಳೆಯುವ ಸದ್ದು ಮತ್ತೆ ಶುರುವಾಗುತ್ತದೆ.

ಹುಡುಗಿಯನ್ನು ಮತ್ತೆ ಒಳಗೆ ಕರೆದೆವು. “ಇದನ್ನು ಏಕೆ ಹೀಗೆ ಬಿಟ್ಟೆ?” ಎಂದು ದಾದಾ ಕೇಳಿದರು. ಅವಳು ಬಹಳ ಯೋಚಿಸಲಿಲ್ಲ. “ಅಪ್ಪ ತೆಗೆಯಬೇಡ ಅಂದರು, ನಿಲ್ಲಿಸಿದೆ. ದಾರ ಪೋಣಿಸಲು ಕೂತಾಗ ಮೊಬೈಲು ಆರಿಸುವುದು ಮರೆತುಹೋಯಿತು. ಮನೆಗೆ ಬಂದು ಕೇಳಿಸಿಕೊಂಡಮೇಲೆ ಅಪ್ಪನಿಗೆ ಕೇಳಿಸಿ, ಇದನ್ನು ಇಡಬಹುದೇ ಎಂದೆ. ಮುಖ ಕಾಣದಿದ್ದರೆ ಇಟ್ಟುಕೋ ಅಂದರು.” ಹಾಗಾದರೆ ಅದು ಮರೆವು ಎಂದಾಯಿತು ಎಂದು ನಾನು ಒಳಗೊಳಗೇ ಹೆದರಿದೆ. ದಾದಾ ಮಾತ್ರ ಬೇರೆಯದನ್ನೇ ಹಿಡಿದರು. “ಅಪ್ಪನಿಗೆ ಕೇಳಿಸಿದೆಯಾ? ಇಡೀ ಚಿತ್ರ ತೋರಿಸಿದೆಯಾ?” ತೋರಿಸಿದ್ದಳು. ಅಂಟಿನ ಪಾತ್ರೆಯನ್ನು ಅಷ್ಟು ಹೊತ್ತು ತೋರಿಸುವುದೇಕೆ, ಹೊಲಿಗೆಯನ್ನು ಹತ್ತಿರದಿಂದ ತೋರಿಸು ಎಂದು ಅವರು ಬಯ್ದರಂತೆ. ಆ ವರ್ಷದ ಏಳು ಚಿತ್ರಗಳಲ್ಲಿ, ತೆರೆಯ ಮೇಲಿದ್ದ ಮನುಷ್ಯ ತನ್ನ ಚಿತ್ರವನ್ನು ಪರೀಕ್ಷಕರಿಗಿಂತ ಮೊದಲೇ ನೋಡಿದ್ದು ಅದೊಂದರಲ್ಲೇ. ರಿಕ್ಷಾದ ಮುದುಕ ಇನ್ನೂ ನೋಡಿರಲಿಲ್ಲ.

ದಾದಾ ಸಂಕಲನದಲ್ಲಿ 8 ಇದ್ದದ್ದನ್ನು 13 ಮಾಡಿದರು, ಅದಕ್ಕಿಂತ ಒಂದು ಅಂಕವೂ ಹೆಚ್ಚು ಕೊಡಲೊಪ್ಪಲಿಲ್ಲ. ಎರಡನೆಯ ಸಲ ಕೇಳಿದ ಮೇಲೆ ಶಬ್ದಕ್ಕೆ ನಾನು ಕೊಟ್ಟಿದ್ದ 11 ಉದಾರವಾಯಿತೆನಿಸಿ 9ಕ್ಕೆ ಇಳಿಸಿದೆ. ಮಗಳ ಆ ಒಂದು ಮಾತನ್ನು ಇಬ್ಬರು ಪರೀಕ್ಷಕರು ಮೊದಲ ಸಲ ಕೇಳಿಸಿಕೊಳ್ಳಲಾಗಲಿಲ್ಲವೆಂದರೆ ಶಬ್ದದ ಕೆಲಸ ಸರಿಯಿಲ್ಲವೆಂದೇ ಅರ್ಥ. 56 ಮತ್ತು 65. ಸರಾಸರಿ ಅರವತ್ತೂವರೆ, ನಿಯಮದಂತೆ 61.

ಹಾಳೆಗೆ ರುಜು ಹಾಕಿ ದಾದಾ ಹೊರಟರು. ಬಾಗಿಲ ಹತ್ತಿರ ನಿಂತು, ಮುಂದಿನ ವರ್ಷದಿಂದ ವರದಿಯ ಜೊತೆ ಒಂದು ಪುಟ ಕೇಳಿ, ಚಿತ್ರದಲ್ಲಿರುವವರಿಗೆ ಅದನ್ನು ತೋರಿಸಿದಿರಾ, ಅವರೇನಂದರು ಎಂದು ಬರೆಯಲಿ ಎಂದರು. ಅಂಕ ಬೇಡ, ಅಂಕವಿಟ್ಟರೆ ಹುಡುಗರು ಅದನ್ನೂ ನಾಟಕ ಮಾಡುತ್ತಾರೆ ಎಂದೂ ಸೇರಿಸಿದರು. ವಿಭಾಗದ ಸಭೆಯಲ್ಲಿ ಅದನ್ನು ಇಟ್ಟಿದ್ದೇನೆ. ಒಪ್ಪಿಗೆ ಇನ್ನೂ ಆಗಬೇಕು.

ಫಲಿತಾಂಶ ಹಚ್ಚಿದ ಮರುದಿನ ಹುಡುಗಿ ನನ್ನ ಕೋಣೆಗೆ ಬಂದಳು. ಅಂಕದ ಮಾತೇ ಆಡಲಿಲ್ಲ. ವಿಭಾಗದಲ್ಲಿರುವ ಚಿಕ್ಕ ಮೈಕು ಒಂದು ದಿನಕ್ಕೆ ಬೇಕಿತ್ತಂತೆ: ಪುಸ್ತಕ ಮೇಳ ಮುಗಿದ ಮೇಲಿನ ಭಾನುವಾರ ಅಪ್ಪ ಆಂಫಾನಿನ ಸಂಗತಿಯನ್ನು ಮತ್ತೆ ಹೇಳಲು ಒಪ್ಪಿದ್ದಾರೆ, ಪಂಖ ನಿಲ್ಲಿಸಿ. ಸಾಮಾನಿನ ಪುಸ್ತಕ ತೆಗೆದು ಮೈಕಿನ ಸಂಖ್ಯೆ, ತಂತಿ ಒಂದು, ಗಾಳಿ ತಡೆಯುವ ಸ್ಪಂಜು ಒಂದು ಎಂದು ಬರೆದು, ಸೋಮವಾರ ಹತ್ತು ಗಂಟೆಯೊಳಗೆ ವಾಪಸು ಎಂದು ಹೇಳಿ ಅವಳ ರುಜು ತೆಗೆದುಕೊಂಡೆ.